ಆರ್‌ಡಬ್ಲ್ಯೂ ಡಿಸ್ಕ್‌ಗೆ ಯಾವ ಫೈಲ್ ಸಿಸ್ಟಮ್? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡಿ, ಡಿವಿಡಿ ಕಾಲ ಮುಗಿಯಿತು ಅನ್ನುವವರೇ ಜಾಸ್ತಿ. ಆದರೂ ಮನೆಯ ಬೀರುವಿನಲ್ಲಿ ಹತ್ತಿಪ್ಪತ್ತು ಆರ್‌ಡಬ್ಲ್ಯೂ ಡಿಸ್ಕ್ (ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್) ಇಟ್ಟುಕೊಂಡವರು, ಹಳೇ ಡಿವಿಡಿ ಪ್ಲೇಯರ್ ಬಿಡಲೊಲ್ಲದವರು, ಕಾರಿನಲ್ಲಿ ಇನ್ನೂ ಸಿಡಿ ಹಾಕುವವರು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇದ್ದಾರೆ. ಕೇಳುವುದೂ ಅವೇ ಪ್ರಶ್ನೆಗಳು. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಡಿಸ್ಕ್‌ಗೂ ಫೈಲ್ ಸಿಸ್ಟಮ್ ಬೇಕಾ? ಸುಮ್ನೆ ಕಾಪಿ ಮಾಡಿದರೆ ಆಗಲ್ವಾ?

ಬೇಕು. ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿ ಇದೆ ಅಂತ ಎಲ್ಲೋ ಬರೆದಿಟ್ಟಿರಲೇಬೇಕಲ್ಲ, ಆ ಲೆಕ್ಕದ ಪುಸ್ತಕವೇ ಫೈಲ್ ಸಿಸ್ಟಮ್. ನೀವು ಕಾಪಿ ಮಾಡುವಾಗ ಯಾವುದೋ ಒಂದನ್ನು ಕಂಪ್ಯೂಟರೇ ಆರಿಸಿರುತ್ತದೆ. ನಿಮಗೆ ಗೊತ್ತಾಗಿರುವುದಿಲ್ಲ, ಅಷ್ಟೇ. ಬೇರೆ ಕಡೆ ಡಿಸ್ಕ್ ಹಾಕಿದಾಗ ತೆರೆಯದಿದ್ದರೆ ಆಗ ಗೊತ್ತಾಗುತ್ತದೆ.

ನನಗೆ ಗೊತ್ತಾಗಿದ್ದೂ ಹಾಗೇ. ಅಕ್ಕನ ಮದುವೆಯ ಲಗ್ನಪತ್ರಿಕೆಯನ್ನು ಮನೆಯ ಕಂಪ್ಯೂಟರಿನಲ್ಲೇ ಜೋಡಿಸಿ, ಒಂದು ಸಿಡಿ-ಆರ್‌ಡಬ್ಲ್ಯೂಗೆ ಎಳೆದು ಹಾಕಿಕೊಂಡು ಪ್ರೆಸ್ಸಿಗೆ ಹೋದೆ. ಅಲ್ಲಿದ್ದದ್ದು ವಿಂಡೋಸ್ 98. ಡ್ರೈವ್ ಗುಂಯ್ ಅಂತ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆ ಮೇಲೆ ಮಾತ್ರ ಏನೂ ಇಲ್ಲ. ‘ಸಿಡಿ ಖಾಲಿ ಐತಲ್ಲ ಸಾರ್’ ಅಂದರು ಪ್ರೆಸ್ಸಿನವರು. ಮನೆಗೆ ವಾಪಸ್ ಬಂದು ನೋಡಿದರೆ ಎಲ್ಲ ಫೈಲೂ ಅದರಲ್ಲೇ ಇವೆ! ನಾನು ಬರೆದದ್ದು ಯುಡಿಎಫ್ ಅನ್ನುವ ಫೈಲ್ ಸಿಸ್ಟಮಿನ ಹೊಸ ಆವೃತ್ತಿಯಲ್ಲಿ, ಅವರ ಯಂತ್ರ ಓದಬಲ್ಲದ್ದು ಅದಕ್ಕಿಂತ ಹಳೇ ಆವೃತ್ತಿ. ಪತ್ರಿಕೆ ಎರಡು ದಿನ ತಡವಾಯಿತು. ಅಕ್ಕ ಇವತ್ತಿಗೂ ಅದನ್ನು ಹೇಳಿ ರೇಗಿಸುತ್ತಾಳೆ.

ಖಾಲಿ ಡಿಸ್ಕ್ ಹಾಕಿದರೆ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ. ಯಾವುದು ಒತ್ತಲಿ?

ಒಂದು, ‘ಯುಎಸ್‌ಬಿ ಪೆನ್‌ಡ್ರೈವ್ ತರಹ’. ಇನ್ನೊಂದು, ‘ಸಿಡಿ ಅಥವಾ ಡಿವಿಡಿ ಪ್ಲೇಯರ್ ಜೊತೆಗೆ’. ಮೊದಲನೆಯದು ಒತ್ತಿದರೆ ಡಿಸ್ಕ್ ಯುಡಿಎಫ್‌ನಲ್ಲಿ ಫಾರ್ಮ್ಯಾಟ್ ಆಗುತ್ತದೆ. ಆಮೇಲೆ ಒಂದೊಂದೇ ಫೈಲ್ ಹಾಕಬಹುದು, ಅಳಿಸಬಹುದು. ಎರಡನೆಯದರಲ್ಲಿ ಫೈಲುಗಳೆಲ್ಲ ಮೊದಲು ಹಾರ್ಡ್ ಡಿಸ್ಕಿನಲ್ಲಿ ಕ್ಯೂ ನಿಲ್ಲುತ್ತವೆ. ಬರ್ನ್ ಒತ್ತಿದಾಗ ಎಲ್ಲವೂ ಒಟ್ಟಿಗೆ ಬರೆಯಲ್ಪಡುತ್ತವೆ.

ಹೆಸರು ನೋಡಿದರೆ ಮೊದಲನೆಯದೇ ಅನುಕೂಲ ಅನಿಸುತ್ತದೆ. ನಾನು ಹತ್ತರಲ್ಲಿ ಎಂಟು ಜನಕ್ಕೆ ಎರಡನೆಯದನ್ನೇ ಹೇಳುತ್ತೇನೆ. ಸಿಡಿ-ಆರ್‌ಡಬ್ಲ್ಯೂ, ಡಿವಿಡಿ-ಆರ್‌ಡಬ್ಲ್ಯೂ ಪೆನ್‌ಡ್ರೈವ್ ಅಲ್ಲ, ಸ್ಲೇಟು. ಪೂರ್ತಿ ಬರೆ, ಪೂರ್ತಿ ಒರೆಸು, ಮತ್ತೆ ಪೂರ್ತಿ ಬರೆ. ಹಾಗೆ ಬಳಸಿದರೆ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತವೆ. ಡಿವಿಡಿ-ರ‍್ಯಾಮ್ ಮತ್ತು ಬ್ಲೂ-ರೇ ಆರ್‌ಇ ಮಾತ್ರ ಬೇರೆ ಜಾತಿ. ಅವುಗಳ ವಿಷಯ ಕೆಳಗೆ ಬರುತ್ತದೆ.

ಐಎಸ್‌ಒ 9660 ಅನ್ನುವ ಫೈಲ್ ಸಿಸ್ಟಮ್ ತೀರಾ ಹಳೇದಲ್ವಾ? ಇನ್ನೂ ಯಾಕೆ ಅದರ ಮಾತು?

ಹಳೇದೇ. 1985ರಲ್ಲಿ ಅಮೆರಿಕದ ಲೇಕ್ ಟಾಹೋ ಹತ್ತಿರದ ಹೈ ಸಿಯೆರಾ ಅನ್ನುವ ಹೋಟೆಲಿನಲ್ಲಿ ಕೆಲವು ಕಂಪನಿಗಳವರು ಸೇರಿ, ಎಲ್ಲ ಕಂಪ್ಯೂಟರಿಗೂ ಒಂದೇ ಸಿಡಿ ಓದುವಂತಾಗಬೇಕು ಅಂತ ಮಾತಾಡಿಕೊಂಡರು. ಆ ಹೋಟೆಲಿನ ಹೆಸರೇ ಮೊದಲ ಕರಡುಪ್ರತಿಗೂ ಬಂತು. 1988ರಲ್ಲಿ ಅದೇ ತಿದ್ದುಪಡಿಯಾಗಿ ಐಎಸ್‌ಒ 9660 ಆಯಿತು. ಅಂದಿನಿಂದ ಬಂದ ಹೆಚ್ಚುಕಮ್ಮಿ ಎಲ್ಲ ಕಂಪ್ಯೂಟರೂ, ಎಂಪಿ3 ಓದುವ ಪ್ಲೇಯರುಗಳೂ ಇದನ್ನು ಓದುತ್ತವೆ. ಇದರ ದೊಡ್ಡ ಬಲ ಅದೇ.

ಇದರಲ್ಲಿ ಖಾಲಿ ಜಾಗದ ಲೆಕ್ಕವೇ ಇಲ್ಲ. ಅಚ್ಚು ಹಾಕಿದ ಸಿಡಿಗೆ ಅಂತ ಮಾಡಿದ್ದು, ಒಮ್ಮೆ ಬರೆದರೆ ಮುಗಿಯಿತು. ಹಾಗಾಗಿ ನಡುವಿನಿಂದ ಒಂದು ಫೈಲ್ ತೆಗೆದು ಆ ಜಾಗದಲ್ಲಿ ಇನ್ನೊಂದು ಹಾಕೋಕೆ ಆಗುವುದಿಲ್ಲ. ಬೇಕಾದರೆ ಹೊಸ ಸೆಷನ್, ಅಂದರೆ ಬರೆಯುವ ಇನ್ನೊಂದು ಕಂತು, ಸೇರಿಸಬಹುದು. ಆಗ ಹೊಸ ಪಟ್ಟಿಯಲ್ಲಿ ತೆಗೆದ ಫೈಲಿನ ಹೆಸರು ಇರುವುದಿಲ್ಲ, ಆದರೆ ಅದು ಹಿಡಿದ ಜಾಗ ವಾಪಸ್ ಬರುವುದಿಲ್ಲ. ಸಿಡಿಯಲ್ಲಿ ಸೆಷನ್ ಸೇರಿಸುವುದಕ್ಕೂ ಖರ್ಚಿದೆ. ಮೊದಲ ಸಲ ಸುಮಾರು 22 ಎಂಬಿ, ಆಮೇಲೆ ಪ್ರತಿ ಸಲ ಸುಮಾರು 13 ಎಂಬಿ ಸುಮ್ನೆ ಹೋಗುತ್ತದೆ.

ಆರ್‌ಡಬ್ಲ್ಯೂ ಡಿಸ್ಕಿನಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪೂರ್ತಿ ಒರೆಸಿ ಮತ್ತೆ ಬರೆದರಾಯಿತು.

ಫೈಲಿಗೆ ಕನ್ನಡದಲ್ಲಿ ಹೆಸರಿಡಬಹುದಾ?

ಬರೀ ಐಎಸ್‌ಒ 9660ರಲ್ಲಿ ಆಗಲ್ಲ. ಅದರ ಮೊದಲ ಹಂತ ಒಪ್ಪುವುದು ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ. ಅದೂ ಎಂಟಕ್ಷರದ ಹೆಸರು, ಮೂರಕ್ಷರದ ಬಾಲ. ಇದಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 95ರ ಹೊತ್ತಿಗೆ ಜೋಲಿಯೆಟ್ ಅನ್ನುವ ಜೋಡಣೆ ತಂದಿತು. ಅದರಲ್ಲಿ ಯೂನಿಕೋಡ್ ಇರುವುದರಿಂದ ಕನ್ನಡ ಹೆಸರು ಸರಿಯಾಗಿ ಕೂರುತ್ತದೆ. ಆದರೆ ಮಿತಿ 64 ಅಕ್ಷರ.

ಇಲ್ಲೇ ನಮ್ಮವರು ಎಡವುವುದು. ‘ಹುಟ್ಟುಹಬ್ಬ’ ಬರೆದು ನೋಡಿ. ನಮ್ಮ ಕಣ್ಣಿಗೆ ಅದು ನಾಲ್ಕಕ್ಷರ, ಕಂಪ್ಯೂಟರಿಗೆ ಹತ್ತು. ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ‘ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ ಸಂಜೆ ಊಟದ ಹೊತ್ತು ಎಲ್ಲರೂ ಸೇರಿದ್ದು’ ಅನ್ನುವ ವಿಡಿಯೋಗೆ ಎಂಪಿ4 ಬಾಲ ಸೇರಿಸಿದರೆ 62 ಆಗುತ್ತದೆ. ಅದಕ್ಕೆ ‘ಭಾಗ 2’ ಅಂತ ಸೇರಿಸಿದಿರೋ, ಮಿತಿ ದಾಟಿತು. ಬರ್ನ್ ಮಾಡುವ ತಂತ್ರಾಂಶ ಹೆಸರಿಗೆ ಕತ್ತರಿ ಹಾಕುತ್ತದೆ. ಭಾಗ 1, ಭಾಗ 2 ಎರಡೂ ಒಂದೇ ಹೆಸರಾಗಿ ಕೂತು, ಯಾವುದು ಯಾವುದೋ ಗೊತ್ತಾಗದಂತೆ ಆಗಬಹುದು.

ಲಿನಕ್ಸಿನವರು ಬಳಸುವ ರಾಕ್ ರಿಡ್ಜ್ ಜೋಡಣೆಯಲ್ಲಿ ಅಕ್ಷರದ ಬದಲು ಬೈಟ್ ಲೆಕ್ಕ. ಯುಟಿಎಫ್-8 ಅನ್ನುವ ಅಕ್ಷರ ಬರೆದಿಡುವ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಅಂದರೆ ‘ಹುಟ್ಟುಹಬ್ಬ’ಕ್ಕೇ 30 ಬೈಟ್ ಖರ್ಚು. ಯುಡಿಎಫ್‌ನಲ್ಲಿ ಹೆಸರಿಗೆ 255 ಬೈಟ್ ಜಾಗ, ಅದರಲ್ಲಿ ಕನ್ನಡದಂಥ ಲಿಪಿಗೆ 127 ಚಿಹ್ನೆ ಹಿಡಿಯುತ್ತದೆ. ಉದ್ದುದ್ದ ಕನ್ನಡ ಹೆಸರೇ ಬೇಕು ಅನ್ನುವವರಿಗೆ ಯುಡಿಎಫ್ ಒಳ್ಳೆಯದು. ನಾನಂತೂ ಹೆಸರನ್ನೇ ಚಿಕ್ಕದಾಗಿಡುತ್ತೇನೆ, ವಿವರವನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಜೊತೆಗೆ ಹಾಕುತ್ತೇನೆ.

ಯುಡಿಎಫ್‌ನಲ್ಲಿ 1.02, 1.50, 2.01, 2.50 ಅಂತ ಏನೇನೋ ಇದೆ. ಯಾವುದು ಆರಿಸಲಿ?

ಸಂದೇಹವಿದ್ದರೆ 2.01. ಕಾರಣ ಹೇಳುತ್ತೇನೆ.

ಯುಡಿಎಫ್ 1995ರಲ್ಲಿ ಬಂತು. ಡಿಸ್ಕ್ ತಂತ್ರಜ್ಞಾನದ ಕಂಪನಿಗಳು ಸೇರಿ ಕಟ್ಟಿಕೊಂಡ ಓಸ್ಟಾ ಅನ್ನುವ ಸಂಘ ಅದನ್ನು ರೂಪಿಸಿತು. 1.02 ಅಂದರೆ ಡಿವಿಡಿ ಸಿನಿಮಾಗಳಲ್ಲಿ ಇರುವುದು. 1997ರ 1.50ರಲ್ಲಿ ನಮಗೆ ಬೇಕಾದ ಮುಖ್ಯ ಸಂಗತಿ ಬಂತು: ಸಿಡಿ-ಆರ್‌ಡಬ್ಲ್ಯೂ ಮೇಲೆ ಕೆಟ್ಟುಹೋದ ಜಾಗವನ್ನು ಬಿಟ್ಟು, ಬದಲಿ ಜಾಗದಲ್ಲಿ ಬರೆಯುವ ಕೋಷ್ಟಕ. 2.00ರಲ್ಲಿದ್ದ ತಪ್ಪುಗಳನ್ನು ತಿದ್ದಿ 2000ದಲ್ಲಿ 2.01 ಬಂತು. 2003ರ 2.50ರಲ್ಲಿ ಫೈಲುಗಳ ಪಟ್ಟಿಯನ್ನು ಒಂದೇ ಕಡೆ ಒಟ್ಟಾಗಿಟ್ಟು, ಬೇಕಾದರೆ ಅದರ ನಕಲನ್ನೂ ಇಡುವ ವ್ಯವಸ್ಥೆ ಬಂತು. ಬ್ಲೂ-ರೇ ಇದನ್ನೇ ಹಿಡಿಯಿತು. 2005ರ 2.60 ಒಮ್ಮೆ ಮಾತ್ರ ಬರೆಯುವ ಡಿಸ್ಕಿಗೆ ಸಂಬಂಧಿಸಿದ್ದು. ಅದು ನಿಮಗೆ ಬೇಡ.

ಓದುವವರ ಕಡೆಯಿಂದ ನೋಡಿ. ವಿಂಡೋಸ್ 98ಕ್ಕೆ 1.02 ಮಾತ್ರ ಗೊತ್ತು, ವಿಂಡೋಸ್ 2000ಕ್ಕೆ 1.50ರವರೆಗೆ, ಎಕ್ಸ್‌ಪಿಗೆ 2.01ರವರೆಗೆ. ವಿಸ್ತಾದಿಂದ ಈಚೆಗೆ 2.50 ಓದುವುದೂ ಬರೆಯುವುದೂ ಬಂತು. ಲಿನಕ್ಸ್ 2.50ನ್ನು ಓದುತ್ತದೆ, ಬರೆಯುವುದು 2.01ರವರೆಗೆ ಮಾತ್ರ. ಎಕ್ಸ್‌ಪಿಯಿಂದ ಈಚಿನ ವಿಂಡೋಸ್, ಲಿನಕ್ಸ್ ಎಲ್ಲ ಒಟ್ಟಿಗೆ ಒಪ್ಪುವ, ಆದಷ್ಟು ಹೊಸದಾದ ಆವೃತ್ತಿ 2.01. ಎದುರಿನವರ ಯಂತ್ರ ತೀರಾ ಹಳೇದಿದ್ದರೆ 1.50ಕ್ಕೆ ಇಳಿಯಿರಿ. ನನ್ನ ಹಾಗೆ ಪ್ರೆಸ್ಸಿಗೆ ಹೋಗುವವರಿದ್ದರೆ ಯುಡಿಎಫ್ ಗೊಡವೆಯೇ ಬೇಡ.

700 ಎಂಬಿ ಸಿಡಿ-ಆರ್‌ಡಬ್ಲ್ಯೂ ಫಾರ್ಮ್ಯಾಟ್ ಮಾಡಿದರೆ 570 ಎಂಬಿ ಚಿಲ್ಲರೆ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದನಾ?

ಪಾಪ, ಅವನದೇನೂ ತಪ್ಪಿಲ್ಲ. ಸಿಡಿಯನ್ನು ಮೊದಲು ಮಾಡಿದ್ದು ಹಾಡಿಗೆ. ಒಂದೇ ಉದ್ದನೆಯ ಸುರುಳಿಯಲ್ಲಿ ಶುರುವಿನಿಂದ ಕೊನೆವರೆಗೆ ನಿಲ್ಲದೆ ಬರೆಯುವ ಲೆಕ್ಕ. ನಡುವೆ ಎಲ್ಲೋ ನಿಲ್ಲಿಸಿ ಮತ್ತೆ ಶುರು ಮಾಡಬೇಕಾದರೆ ಲೇಸರ್‌ಗೆ ಹಿಂದೆ ಮುಂದೆ ಸ್ವಲ್ಪ ಖಾಲಿ ಜಾಗ ಬೇಕು, ಬಸ್ಸು ಸ್ಟಾಪಿಗೆ ಬಂದು ನಿಂತು ಹೊರಡುವ ಹಾಗೆ. ಪೆನ್‌ಡ್ರೈವ್ ತರಹ ಬಳಸುವಾಗ ಸಿಡಿ-ಆರ್‌ಡಬ್ಲ್ಯೂವನ್ನು 32 ಬ್ಲಾಕಿನ (ಒಂದು ಬ್ಲಾಕ್ ಅಂದರೆ 2 ಕೆಬಿ) ತುಂಡುಗಳಾಗಿ ಕತ್ತರಿಸುತ್ತಾರೆ. ಇದಕ್ಕೆ ಪ್ಯಾಕೆಟ್ ಅನ್ನುತ್ತಾರೆ. ಪ್ರತಿ ಪ್ಯಾಕೆಟ್ಟಿಗೂ 7 ಬ್ಲಾಕ್ ಹೀಗೆ ಅಂಚಿಗೆ ಹೋಗುತ್ತದೆ. 39ರಲ್ಲಿ 32 ಮಾತ್ರ ನಿಮ್ಮದು. ನೂರಕ್ಕೆ ಹದಿನೆಂಟು ಪಾಲು ಅಲ್ಲೇ ಹೋಯಿತು.

ಅಲ್ಲಿಗೇ ಮುಗಿಯಲಿಲ್ಲ. ಒಂದು ಪ್ಯಾಕೆಟ್ ಅಂದರೆ 64 ಕೆಬಿ. ನೀವು ಒಂದು ಪತ್ರದಲ್ಲಿ ಒಂದು ಕಾಮಾ ತಿದ್ದಿದರೂ ಆ 64 ಕೆಬಿ ಪೂರ್ತಿ ಓದಿ, ತಿದ್ದಿ, ಮತ್ತೆ ಪೂರ್ತಿ ಬರೆಯಬೇಕು. ‘ಯಾಕಿಷ್ಟು ನಿಧಾನ’ ಅನ್ನುವ ಪ್ರಶ್ನೆಗೂ ಇದೇ ಉತ್ತರ. ಡೈರೆಕ್ಟ್‌ಸಿಡಿ, ಇನ್‌ಸಿಡಿ ಅಂತ ಹಿಂದೆ ಬರುತ್ತಿದ್ದ ತಂತ್ರಾಂಶಗಳು ಹಿನ್ನೆಲೆಯಲ್ಲಿ ಮಾಡುತ್ತಿದ್ದದ್ದು ಈ ಕೆಲಸವನ್ನೇ.

ಪ್ಲಸ್, ಮೈನಸ್, ರ‍್ಯಾಮ್: ಫೈಲ್ ಸಿಸ್ಟಮ್ ವಿಷಯದಲ್ಲಿ ವ್ಯತ್ಯಾಸ ಇದೆಯಾ?

ತುಂಬಾ ಇದೆ. ಡಬ್ಬಿಯ ಮೇಲಿನ ಆ ಗೀಟು ಒಂದು ಚಿಹ್ನೆ ಅಷ್ಟೇ ಅಂದುಕೊಂಡವರು ಬಹಳ ಜನ.

ಡಿವಿಡಿ+ಆರ್‌ಡಬ್ಲ್ಯೂ ಮೇಲೆ ಎಲ್ಲಿ ಬೇಕಾದರೂ ನೇರವಾಗಿ ಮೇಲೆ ಬರೆಯಬಹುದು. ಒಳಗೆ 32 ಕೆಬಿ ತುಂಡುಗಳಿದ್ದರೂ, ಓದಿ ತಿದ್ದಿ ಬರೆಯುವ ಕೆಲಸವನ್ನು ಡ್ರೈವೇ ಮಾಡಿಕೊಳ್ಳುತ್ತದೆ. ಅದಕ್ಕೆ ಯುಡಿಎಫ್ ಸಲೀಸು. ಡಿವಿಡಿ-ಆರ್‌ಡಬ್ಲ್ಯೂಗೆ ಎರಡು ಅವತಾರ. ಒಂದು ಸಾಲಾಗಿ ಬರೆಯುವುದು. ಇನ್ನೊಂದರಲ್ಲಿ ಮೇಲೆ ಬರೆಯಬಹುದು, ಆದರೆ 32 ಕೆಬಿ ಗಡಿಗೆ ಸರಿಯಾಗಿ ಕಂಪ್ಯೂಟರೇ ಜೋಡಿಸಿ ಕೊಡಬೇಕು. ಹಾಗಾಗಿ ಮೈನಸ್ ಡಿಸ್ಕನ್ನು ನಾನು ಸ್ಲೇಟಿನ ಹಾಗೆ ಮಾತ್ರ ಬಳಸುತ್ತೇನೆ.

ಡಿವಿಡಿ-ರ‍್ಯಾಮ್ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಮೇಲೆಲ್ಲ ಸಣ್ಣ ಸಣ್ಣ ಚೌಕಳಿ ಗೀರುಗಳು ಕಾಣುತ್ತವೆ. ಅವು ಕಾರ್ಖಾನೆಯಲ್ಲೇ ಕೊರೆದ ಸೆಕ್ಟರ್ ಗುರುತುಗಳು. ಯಾವ ಜಾಗ ಎಲ್ಲಿದೆ ಅಂತ ಡ್ರೈವಿಗೆ ಮೊದಲೇ ಗೊತ್ತು, ಕೆಟ್ಟ ಜಾಗದ ಲೆಕ್ಕವನ್ನೂ ಅದೇ ಇಡುತ್ತದೆ. ಉಳಿದ ಆರ್‌ಡಬ್ಲ್ಯೂಗಳು ಸುಮಾರು 1000 ಸಲ ಬರೆಯಲು ಅಂದರೆ ಇದು 1,00,000 ಸಲ. ಪೆನ್‌ಡ್ರೈವ್ ತರಹ ಬಳಸಲು ನಿಜವಾಗಿ ಯೋಗ್ಯವಾದದ್ದು ಇದೇ. ಆದರೆ ಸಾಮಾನ್ಯ ಡಿವಿಡಿ ಪ್ಲೇಯರಲ್ಲಿ ಓಡುವುದು ಅಪರೂಪ. ನಮ್ಮ ಕಡೆ ಅಂಗಡಿಯಲ್ಲಿ ಸಿಕ್ಕಿದ್ದೂ ಅಪರೂಪವೇ.

1000 ಸಲ ಅಂತ ಬರೆದಿದ್ದಾರೆ. ನನ್ನ ಡಿಸ್ಕ್ ಐವತ್ತು ಸಲಕ್ಕೇ ಕೈಕೊಟ್ಟಿತಲ್ಲ?

ನೀವು ಎಣಿಸಿದ್ದು ಡಿಸ್ಕ್ ಹಾಕಿದ ಸಲ. ಡಿಸ್ಕ್ ಎಣಿಸುವುದು ಒಂದೊಂದು ಜಾಗದ ಮೇಲೆ ಬರೆದ ಸಲ. ಆರ್‌ಡಬ್ಲ್ಯೂ ಒಳಗೆ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯುರಿಯಂ ಬೆರೆಸಿದ ತೆಳು ಪದರ ಇರುತ್ತದೆ. ಲೇಸರ್ ಅದನ್ನು ಕರಗಿಸಿ ತಕ್ಷಣ ತಣಿಸಿದರೆ ಗುರುತು ಬೀಳುತ್ತದೆ, ಹದವಾಗಿ ಕಾಯಿಸಿದರೆ ಗುರುತು ಅಳಿಯುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಕರಗಿಸಿದರೆ ಅದು ಸವೆಯುತ್ತದೆ.

ಯುಡಿಎಫ್‌ನಲ್ಲಿ ‘ಡಿಸ್ಕ್ ಈಗ ತೆರೆದಿದೆ’, ‘ಈಗ ಸರಿಯಾಗಿ ಮುಚ್ಚಿದೆ’ ಅಂತ ಬರೆಯುವ ಒಂದು ನಿಗದಿ ಜಾಗ ಇದೆ. ಬರೆಯಲು ಶುರು ಮಾಡಿದಾಗ ಒಮ್ಮೆ, ಮುಗಿಸಿದಾಗ ಒಮ್ಮೆ ಅಲ್ಲೇ ಬರೆಯುತ್ತದೆ. ಫೋಲ್ಡರಿಗೆ ಒಂದು ಫೋಟೊ ಹಾಕಿದರೆ ಆ ಫೋಲ್ಡರಿನ ಪಟ್ಟಿ ಮತ್ತೆ ಬರೆಯುತ್ತದೆ, ಖಾಲಿ ಜಾಗದ ಲೆಕ್ಕವೂ ಬದಲಾಗುತ್ತದೆ. ಮನೆಯ ಅಂಗಳವೆಲ್ಲ ಹೊಸದಾಗಿದ್ದರೂ ಹೊಸ್ತಿಲು ಸವೆದಿರುತ್ತದಲ್ಲ, ಹಾಗೆ. ಇನ್ನೂರು ಫೋಟೊ ಒಂದೊಂದಾಗಿ ಹಾಕುವ ಬದಲು ಒಂದೇ ಸಲ ಹಾಕಿ. ಲಿನಕ್ಸಿನಲ್ಲಿ ಮೌಂಟ್ ಮಾಡುವಾಗ ‘ನೋಅಟೈಮ್’ ಆಯ್ಕೆ ಕೊಡಿ. ಇಲ್ಲದಿದ್ದರೆ ಫೈಲು ಬರೀ ಓದಿದ್ದಕ್ಕೂ ಸಮಯ ಗುರುತು ಹಾಕಲು ಡಿಸ್ಕ್ ಮುಟ್ಟಬಹುದು.

ಪೆನ್‌ಡ್ರೈವ್, ಹಾರ್ಡ್ ಡಿಸ್ಕಿಗೆ ಹಾಕುವ ಫ್ಯಾಟ್32 ಅಥವಾ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್ ಹಾಕಬಹುದಾ?

ಡಿವಿಡಿ-ರ‍್ಯಾಮ್‌ಗೆ ಫ್ಯಾಟ್32 ಹಾಕಬಹುದು. ವಿಂಡೋಸ್ ಎಕ್ಸ್‌ಪಿ ಹೆಚ್ಚಿನ ತಂತ್ರಾಂಶ ಇಲ್ಲದೆ ಅದಕ್ಕೆ ಬರೆಯುತ್ತಿದ್ದದ್ದು ಫ್ಯಾಟ್32ರಲ್ಲೇ. ಬೇರೆ ಆರ್‌ಡಬ್ಲ್ಯೂಗಳಿಗೆ ಬೇಡ. ಫ್ಯಾಟ್ ಅಂದರೆ ಡಿಸ್ಕಿನ ಮುಂಭಾಗದಲ್ಲಿ ಕೂತ ಒಂದು ಪಟ್ಟಿ, ಏನೇ ಬದಲಾದರೂ ಅದನ್ನೇ ತಿದ್ದುವುದು. ಮೇಲೆ ಹೇಳಿದ ಹೊಸ್ತಿಲಿನ ಕಥೆಯೇ, ಇನ್ನೂ ಜೋರಾಗಿ. ಎನ್‌ಟಿಎಫ್‌ಎಸ್ ಮರೆತುಬಿಡಿ. ಅದು ಪ್ರತಿ ಬದಲಾವಣೆಯನ್ನೂ ಮೊದಲು ದಿನಚರಿಯಲ್ಲಿ ಬರೆದು ಆಮೇಲೆ ಕೆಲಸ ಮಾಡುವ ಸ್ವಭಾವದ್ದು, ಹಾರ್ಡ್ ಡಿಸ್ಕಿಗೆ ಸರಿ.

ಲಿನಕ್ಸ್ ಗೆಳೆಯರು ಡಿವಿಡಿ-ರ‍್ಯಾಮ್ ಮೇಲೆ 2048 ಬೈಟ್ ಬ್ಲಾಕ್ ಇಟ್ಟು ಎಕ್ಸ್‌ಟಿ2 ಅನ್ನುವ ಲಿನಕ್ಸ್ ಫೈಲ್ ಸಿಸ್ಟಮ್ ಹಾಕುವುದುಂಟು. ನಡೆಯುತ್ತದೆ. ಆದರೆ ಆ ಡಿಸ್ಕ್ ಇನ್ನೊಬ್ಬರಿಗೆ ಕೊಟ್ಟರೆ ಅವರ ವಿಂಡೋಸಿಗೆ ಅದು ಖಾಲಿ ತಟ್ಟೆ.

ಲಿನಕ್ಸಿನಲ್ಲಿ ಯುಡಿಎಫ್ ಡಿಸ್ಕ್ ಮಾಡುವುದು ಹೇಗೆ?

ಯುಡಿಎಫ್‌ಟೂಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಅದರಲ್ಲಿರುವ ಫಾರ್ಮ್ಯಾಟ್ ಆಜ್ಞೆಗೆ ಮೂರು ವಿಷಯ ಸರಿಯಾಗಿ ಹೇಳಿ: ಡಿಸ್ಕಿನ ಬಗೆ ಯಾವುದು, ಆವೃತ್ತಿ 2.01, ಬ್ಲಾಕ್ ಗಾತ್ರ 2048. ಡಿಸ್ಕಿನ ಬಗೆ ಹೇಳದಿದ್ದರೆ ಹಾರ್ಡ್ ಡಿಸ್ಕ್ ಅಂತ ತಿಳಿದು ಮುಂದುವರಿಯುತ್ತದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಡಿವಿಡಿ+ಆರ್‌ಡಬ್ಲ್ಯೂ, ರ‍್ಯಾಮ್, ಬ್ಲೂ-ರೇ ಆರ್‌ಇ ಇಷ್ಟಕ್ಕೇ ಕೆಲಸ ಮಾಡುತ್ತವೆ. ಸಿಡಿ-ಆರ್‌ಡಬ್ಲ್ಯೂ ಮತ್ತು ಡಿವಿಡಿ-ಆರ್‌ಡಬ್ಲ್ಯೂಗೆ ನಡುವೆ ಪ್ಯಾಕೆಟ್ ಜೋಡಿಸುವ ಇನ್ನೊಂದು ಡ್ರೈವರ್ ಬೇಕು. ಅದಕ್ಕೆ ಈಗ ಹೇಳುವವರು ಕೇಳುವವರು ಇಲ್ಲ. ಅವುಗಳಿಗೆ ಕೆ3ಬಿ ಅಥವಾ ಬ್ರಸೆರೋ ಅನ್ನುವ ಬರ್ನ್ ತಂತ್ರಾಂಶದಲ್ಲಿ ಐಎಸ್‌ಒ ಮಾಡಿ ಬರೆದುಬಿಡಿ.

4 ಜಿಬಿಗಿಂತ ದೊಡ್ಡ ವಿಡಿಯೋ ಒಂದೇ ಫೈಲಾಗಿ ಹಾಕಬಹುದಾ?

ಯುಡಿಎಫ್‌ನಲ್ಲಿ ಧಾರಾಳವಾಗಿ. ಐಎಸ್‌ಒ 9660ರ ಮೂರನೇ ಹಂತದಲ್ಲಿ ಒಂದು ಫೈಲನ್ನು ತುಂಡು ತುಂಡಾಗಿ ಸೇರಿಸಲು ಅವಕಾಶ ಇದೆ, ಆದರೆ ಓದುವ ಯಂತ್ರಗಳೆಲ್ಲ ಅದನ್ನು ಒಪ್ಪುವುದಿಲ್ಲ. ಫ್ಯಾಟ್32ರಲ್ಲಿ ಆಗಲ್ಲ. ಡಿವಿಡಿಯ 4.7 ಜಿಬಿ ಅನ್ನುವುದು ಸಾವಿರದ ಲೆಕ್ಕ, ವಿಂಡೋಸ್ ತೋರಿಸುವ ಲೆಕ್ಕದಲ್ಲಿ ಅದು 4.38 ಜಿಬಿ ಚಿಲ್ಲರೆ ಅಷ್ಟೇ.

ಟಿವಿ ಪಕ್ಕದ ಡಿವಿಡಿ ಪ್ಲೇಯರಿಗೆ, ಕಾರಿಗೆ?

ಎಂಪಿ3 ಹಾಡಾದರೆ ಐಎಸ್‌ಒ 9660, ಜೊತೆಗೆ ಜೋಲಿಯೆಟ್. ಫೋಲ್ಡರ್ ಒಳಗೆ ಫೋಲ್ಡರ್ ಜಾಸ್ತಿ ಮಾಡಬೇಡಿ, ಡಿಸ್ಕನ್ನು ಕ್ಲೋಸ್ ಮಾಡಿ, ಅಂದರೆ ಮತ್ತೆ ಏನೂ ಸೇರಿಸದಂತೆ ಮುಗಿಸಿ. ಸಿನಿಮಾ ಡಿವಿಡಿ ಮಾಡುವುದಾದರೆ ಬರ್ನ್ ತಂತ್ರಾಂಶದಲ್ಲಿ ‘ಡಿವಿಡಿ ವಿಡಿಯೋ’ ಅಂತಲೇ ಆರಿಸಿ. ಅದು ಯುಡಿಎಫ್ 1.02 ಮತ್ತು ಐಎಸ್‌ಒ ಎರಡನ್ನೂ ಒಟ್ಟಿಗೆ ಹಾಕುತ್ತದೆ.

ಇಷ್ಟೆಲ್ಲ ಮಾಡಿಯೂ ಓಡದಿದ್ದರೆ ತಪ್ಪು ಫೈಲ್ ಸಿಸ್ಟಮಿನದ್ದಲ್ಲದೇ ಇರಬಹುದು. ಅಚ್ಚು ಹಾಕಿದ ಸಿಡಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ವಾಪಸ್ ಕೊಟ್ಟರೆ, ಸಿಡಿ-ಆರ್‌ಡಬ್ಲ್ಯೂ ಕೊಡುವುದು ಹದಿನೈದರಿಂದ ಇಪ್ಪತ್ತೈದು. ಹಳೇ ಪ್ಲೇಯರಿಗೆ ಅದು ಸಾಕಾಗುವುದಿಲ್ಲ.

ಬರೆಯುವಾಗ ಅರ್ಧಕ್ಕೆ ಕರೆಂಟ್ ಹೋಯಿತು. ಫೈಲುಗಳು ಸಿಗುತ್ತವಾ?

ಸ್ಲೇಟಿನ ಹಾಗೆ ಬಳಸುವವರಿಗೆ ಚಿಂತೆ ಇಲ್ಲ. ಮೂಲ ಫೈಲು ಹಾರ್ಡ್ ಡಿಸ್ಕಿನಲ್ಲೇ ಇದೆ, ಒರೆಸಿ ಮತ್ತೆ ಬರೆಯಿರಿ.

ಯುಡಿಎಫ್‌ನಲ್ಲಿ ಎಳೆದು ಹಾಕುತ್ತಿದ್ದರೆ ಕಷ್ಟ. ‘ತೆರೆದಿದೆ’ ಅಂತ ಬರೆದದ್ದು ಹಾಗೇ ಉಳಿದಿರುತ್ತದೆ, ಪಟ್ಟಿ ಅರ್ಧಂಬರ್ಧ ಆಗಿರುತ್ತದೆ. ಗಾಬರಿಯಲ್ಲಿ ಮತ್ತೆ ಏನನ್ನೂ ಬರೆಯಬೇಡಿ. ಮೊದಲು ಡಿಡಿರೆಸ್ಕ್ಯೂ ಥರದ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲನ್ನು ಹಾರ್ಡ್ ಡಿಸ್ಕಿಗೆ ತೆಗೆಯಿರಿ. ಅದು ಆದಮೇಲೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ನೋಡಿ, ಅದಕ್ಕೆ ಯುಡಿಎಫ್ ಗೊತ್ತು. ನಕಲು ಕೈಯಲ್ಲಿದ್ದರೆ ಒಂದು ಪ್ರಯತ್ನ ಕೆಟ್ಟರೂ ಇನ್ನೊಂದು ಮಾಡಬಹುದು.

ಕರೆಂಟ್ ಇದ್ದಾಗಲೂ ಡ್ರೈವಿನ ಗುಂಡಿ ಒತ್ತಿ ಡಿಸ್ಕ್ ತೆಗೆಯಬೇಡಿ. ಪರದೆಯ ಮೇಲಿನ ಇಜೆಕ್ಟ್ ಒತ್ತಿ, ಬಾಗಿಲು ತಾನೇ ತೆರೆಯುವವರೆಗೆ ಕಾಯಿರಿ.

ಬ್ಲೂ-ರೇ ಆರ್‌ಇ ಡಿಸ್ಕಿಗೆ?

ವಿಂಡೋಸಿನಲ್ಲಿ ಮಾತ್ರ ಬಳಸುವುದಾದರೆ 2.50. ಲಿನಕ್ಸಿನಲ್ಲೂ ಬರೆಯಬೇಕಾದರೆ 2.01. ಒಂದು ಪದರಕ್ಕೆ 25 ಜಿಬಿ, ಕೆಟ್ಟ ಜಾಗವನ್ನು ಡ್ರೈವೇ ನೋಡಿಕೊಳ್ಳುತ್ತದೆ. ಎಳೆದು ಹಾಕುವವರು ಇದನ್ನು ಧೈರ್ಯವಾಗಿ ಬಳಸಬಹುದು.

‘ಕ್ವಿಕ್’ ಅಳಿಸುವುದು ಸಾಕಾ, ‘ಫುಲ್’ ಬೇಕಾ?

ಕ್ವಿಕ್‌ನಲ್ಲಿ ಪಟ್ಟಿ ಮಾತ್ರ ಹೋಗುತ್ತದೆ, ಫೈಲಿನ ಒಡಲು ಅಲ್ಲೇ ಇರುತ್ತದೆ. ನಿಮ್ಮದೇ ಡಿಸ್ಕ್ ನೀವೇ ಬಳಸುವುದಾದರೆ ಅಷ್ಟು ಸಾಕು. ಬೇರೆಯವರಿಗೆ ಕೊಡುವುದಾದರೆ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಗೀನ್ ಇದ್ದರೆ ಫುಲ್ ಮಾಡಿ.

ಡಿವಿಡಿ-ಆರ್‌ಡಬ್ಲ್ಯೂದಲ್ಲಿ ಇನ್ನೊಂದು ಕಿತಾಪತಿ ಇದೆ. ಕ್ವಿಕ್ ಅಳಿಸಿದ ಮೈನಸ್ ಡಿಸ್ಕಿಗೆ ಒಂದೇ ಉಸಿರಿನಲ್ಲಿ ಪೂರ್ತಿ ಬರೆಯಬೇಕು, ಆಮೇಲೆ ಸೆಷನ್ ಸೇರಿಸಲು ಅದು ಬಿಡುವುದಿಲ್ಲ. ‘ನಿನ್ನೆ ಸೇರಿಸೋಕೆ ಆಯ್ತು, ಇವತ್ತು ಆಗ್ತಿಲ್ಲ’ ಅಂತ ಬಂದವರನ್ನು ನಾನು ಮೊದಲು ಕೇಳುವುದು, ಹೇಗೆ ಅಳಿಸಿದಿರಿ ಅಂತ. ಫುಲ್ ಅಳಿಸಿದರೆ ಸರಿಹೋಗುತ್ತದೆ. ನಿಧಾನದ ಡಿಸ್ಕಾದರೆ ಒಂದು ಗಂಟೆ ಹಿಡಿಯಬಹುದು, ರಾತ್ರಿ ಊಟಕ್ಕೆ ಏಳುವ ಮುಂಚೆ ಹಾಕಿಬಿಡಿ. ಪ್ಲಸ್ ಡಿಸ್ಕಿಗೆ ಈ ರಗಳೆ ಇಲ್ಲ, ಅದರಲ್ಲಿ ಅಳಿಸುವುದು ಅನ್ನುವುದೇ ಇಲ್ಲ. ಮೇಲೆ ಬರೆಯುತ್ತಾ ಹೋಗುವುದು.

ಮಗುವಿನ ಫೋಟೊಗಳನ್ನು ಇಪ್ಪತ್ತು ವರ್ಷ ಇಡಬೇಕು. ಆರ್‌ಡಬ್ಲ್ಯೂ ಆಗುತ್ತಾ?

ಬೇಡ. ಒಮ್ಮೆ ಮಾತ್ರ ಬರೆಯುವ ಒಳ್ಳೇ ಡಿಸ್ಕ್ ತೆಗೆದುಕೊಳ್ಳಿ, ಎರಡು ಪ್ರತಿ ಮಾಡಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ. ಬರೆದ ಮೇಲೆ ‘ವೆರಿಫೈ’ ಮಾಡುವುದನ್ನು ತಪ್ಪಿಸಬೇಡಿ. ಆರ್‌ಡಬ್ಲ್ಯೂವನ್ನು ಮುಂಚೆ ಪ್ರಯೋಗ ನೋಡೋಕೆ ಬಳಸಿ: ಫೋಟೊ ಜೋಡಣೆ, ಮೆನು, ಹೆಸರು ಎಲ್ಲ ಸರಿ ಇದೆಯಾ ಅಂತ ಟಿವಿಯಲ್ಲಿ ಹಾಕಿ ನೋಡಿ. ತಪ್ಪಿದ್ದರೆ ಒರೆಸಿ ತಿದ್ದಿ. ಸರಿ ಅನಿಸಿದ ಮೇಲೆ ಅದೇ ಇಮೇಜನ್ನು (ಇಡೀ ಡಿಸ್ಕನ್ನು ಒಂದೇ ಫೈಲಾಗಿ ಇಟ್ಟುಕೊಂಡದ್ದು) ಖಾಯಂ ಡಿಸ್ಕಿಗೆ ಬರೆಯಿರಿ.